ಕಡಲ ಮರಳು, ಎದೆಯ ಕಿಡಿ
(ದತ್ತಿ ಉಪನ್ಯಾಸದ ಅಚ್ಚುರೂಪ)

ಕರೆಂಟು ಬಾರದ ಕಾಲದಲ್ಲಿ ಕರಾವಳಿಯ ಕೊಯ್ದ ಗದ್ದೆಗಳಲ್ಲಿ ಬಯಲಾಟ ನಡೆಯುವಾಗ ಪೆಟ್ರೊಮ್ಯಾಕ್ಸ್ ನೋಡಿಕೊಳ್ಳುವುದಕ್ಕೆಂದೇ ಒಬ್ಬ ಇರುತ್ತಿದ್ದ. ಪುಟ್ಟ ಚೀಲದಂಥ ಮ್ಯಾಂಟಲನ್ನು ದಾರದಲ್ಲಿ ಬಿಗಿದು ಕಟ್ಟಿ, ಮೊದಲು ಅದನ್ನು ಸುಟ್ಟು ಬೂದಿ ಮಾಡಿ, ಆಮೇಲೆ ಪಂಪು ಹೊಡೆಯುತ್ತಿದ್ದ. ಬೂದಿಯ ಆ ಬಲೆ ಬೆರಳು ತಗುಲಿದರೆ ಉದುರಿಹೋಗುವಷ್ಟು ಬಡವಾದದ್ದು. ಆದರೆ ಹತ್ತಿಕೊಂಡಿತೆಂದರೆ ವೇಷದ ಕಿರೀಟದ ಮಿಣಿಮಿಣಿ ಕೊನೆಯ ಸಾಲಿನಲ್ಲಿ ಚಾಪೆ ಹಾಸಿ ಕೂತವರಿಗೂ ಕಾಣುತ್ತಿತ್ತು.

ಆ ಬೂದಿಯಲ್ಲಿ ನೂರಕ್ಕೆ ತೊಂಬತ್ತೊಂಬತ್ತು ಪಾಲು ಥೋರಿಯಂ ಆಕ್ಸೈಡ್, ಒಂದೇ ಒಂದು ಪಾಲು ಸೀರಿಯಂ ಆಕ್ಸೈಡ್. ಆಸ್ಟ್ರಿಯಾದ ಕಾರ್ಲ್ ಆವರ್ ಫಾನ್ ವೆಲ್ಸ್‌ಬಾಕ್ 1891ರಲ್ಲಿ ಕಂಡುಕೊಂಡ ಹದ ಅದು. ಬರೀ ಥೋರಿಯಂ ಇದ್ದರೆ ಬೆಳಕು ಅಷ್ಟಕ್ಕಷ್ಟೆ. ಸೀರಿಯಂ ಹೆಚ್ಚಾದರೂ ಬೆಳಕು ಮಂಕು. ಆ ಒಂದು ಪಾಲಿನ ಲೆಕ್ಕ ಈ ಉಪನ್ಯಾಸದಲ್ಲಿ ಮುಂದೆ ಮತ್ತೆ ಬರಲಿದೆ. ಕೇಳುಗರು ನೆನಪಿಟ್ಟುಕೊಂಡರೆ ಒಳ್ಳೆಯದು.

ಇವೆರಡೂ ಲೋಹಗಳು ಎಲ್ಲಿಂದ ಬರುತ್ತಿದ್ದವು? ಬಹುಪಾಲು ತಿರುವಾಂಕೂರಿನ ಕಡಲತೀರದಿಂದ. 1909ರಲ್ಲಿ ಷೋಂಬರ್ಗ್ ಎಂಬ ಜರ್ಮನ್ ರಸಾಯನಶಾಸ್ತ್ರಜ್ಞ ತಿರುವಾಂಕೂರಿನಿಂದ ಹೋದ ತೆಂಗಿನ ನಾರಿಗೆ ಅಂಟಿಕೊಂಡಿದ್ದ ಮರಳನ್ನು ಪರೀಕ್ಷಿಸಿದಾಗ ಮೊನಜೈಟ್ ಕಂಡಿತು. ಹಗ್ಗ ಹೊಸೆಯುವವರು ಕೊಡವಿ ಬಿಸಾಡುತ್ತಿದ್ದ ಹೊಯಿಗೆ ಅದು. ಅಲ್ಲಿಂದ ಮುಂದೆ ಮಣವಾಳಕುರಿಚಿಯೂ ಕೊಲ್ಲಂ ಬಳಿಯ ನೀಂಡಕರ–ಚವರ ತೀರವೂ ಪ್ರಪಂಚದ ಭೂಪಟದಲ್ಲಿ ಗುರುತಿಗೆ ಬಂದವು.

ಸ್ವಾತಂತ್ರ್ಯ ಬಂದ ಮೇಲೆ ಆ ಮರಳಿನ ದಾರಿ ಕಳಮಶ್ಶೇರಿಯ ಕಡೆ ತಿರುಗಿತು. ಕಳಮಶ್ಶೇರಿ ಇವತ್ತು ಕೊಚ್ಚಿ ಮೆಟ್ರೊದ ಒಂದು ನಿಲ್ದಾಣ. ಕೊಚ್ಚಿನ್ ವಿಜ್ಞಾನ ಮತ್ತು ತಂತ್ರಜ್ಞಾನ ವಿಶ್ವವಿದ್ಯಾಲಯ ಇರುವ ಊರು. ಬೆಂಗಳೂರಿಗರಿಗೆ ಹೇಳುವುದಾದರೆ ಎಚ್‌ಎಂಟಿಯ ಇನ್ನೊಂದು ಮನೆ. ಅದಕ್ಕೆ ಒತ್ತಿಕೊಂಡೇ ಪೆರಿಯಾರ್ ನದಿಯ ದಂಡೆಯಲ್ಲಿ ಏಲೂರು, ಉದ್ಯೋಗಮಂಡಲ. ಅಲ್ಲಿ ಫ್ಯಾಕ್ಟ್ ಗೊಬ್ಬರದ ಕಾರ್ಖಾನೆಯ ನೆರೆಯಲ್ಲೇ ಇಂಡಿಯನ್ ರೇರ್ ಅರ್ಥ್ಸ್ ಕಂಪನಿಯ ಘಟಕ. 1950ರಲ್ಲಿ ಕಟ್ಟಿದ ಕಂಪನಿ. 1952ರ ಡಿಸೆಂಬರ್‌ನಲ್ಲಿ ನೆಹರೂ ಬಂದು ಕಾರ್ಖಾನೆಯನ್ನು ದೇಶಕ್ಕೆ ಒಪ್ಪಿಸಿದರು. ಜೇನುಬಣ್ಣದ ಮೊನಜೈಟ್ ಮರಳನ್ನು ಅರೆದು, ಕಾಸ್ಟಿಕ್ ಸೋಡಾದಲ್ಲಿ ಬೇಯಿಸಿ, ಥೋರಿಯಂ ಒಂದು ಕಡೆ, ವಿರಳ ಲೋಹಗಳು ಇನ್ನೊಂದು ಕಡೆ ಬೇರ್ಪಡಿಸುವ ಕೆಲಸ ಅಲ್ಲಿ ನಡೆಯುತ್ತಿತ್ತು. ಆ ವಿರಳ ಲೋಹಗಳಲ್ಲಿ ಹೆಚ್ಚುಕಡಿಮೆ ಅರ್ಧ ಸೀರಿಯಂ. ಹೆಸರಿಗಷ್ಟೇ ವಿರಳ. ಕನ್ನಡಕದ ಗಾಜಿಗೆ ಕೊನೆಯ ಹೊಳಪು ಕೊಡುವ ಪುಡಿಯೂ ಅದರದ್ದೇ ಆಕ್ಸೈಡ್.

ಈಗ ದಕ್ಷಿಣಕ್ಕೆ, ತಿರುವನಂತಪುರಕ್ಕೆ ಬರಬೇಕು.

ಅಲ್ಲಿಯ ಆಸ್ಪತ್ರೆಗಳಿಗೆ ಕಳೆದ ಶತಮಾನದ ಅರವತ್ತು, ಎಪ್ಪತ್ತರ ದಶಕಗಳಲ್ಲಿ ಒಂದು ಬಗೆಯ ಮಕ್ಕಳು ಬರುತ್ತಿದ್ದರು. ಬಡವರ ಮಕ್ಕಳು, ಬಹುಪಾಲು ಕರಾವಳಿಯವರು. ಹೊಟ್ಟೆ ಕೊಡದಂತೆ ಉಬ್ಬಿರುತ್ತಿತ್ತು, ಕೈಕಾಲು ಕಡ್ಡಿ. ಮೇಲ್ನೋಟಕ್ಕೆ ಈಲಿಯ ಕಾಯಿಲೆ ಅನ್ನಿಸಬೇಕು, ಕೆಟ್ಟಿರುತ್ತಿದ್ದದ್ದು ಹೃದಯ. ಹೃದಯದ ಕೋಣೆಯ ಒಳಗೋಡೆಗೆ ಬಲಿತ ತೆಂಗಿನಕಾಯಿಯ ತಿರುಳಿನಂತೆ ಬಿಳಿಯ ಗಟ್ಟಿ ನಾರಿನ ಪದರ ಬೆಳೆದುಕೊಂಡು ಕೋಣೆಯೇ ಚಿಕ್ಕದಾಗಿಬಿಡುತ್ತಿತ್ತು. ಹಿಂಡುವ ಶಕ್ತಿ ಇದ್ದರೂ ತುಂಬಿಕೊಳ್ಳಲು ಜಾಗವಿಲ್ಲ. ಎಂಡೋಮಯೋಕಾರ್ಡಿಯಲ್ ಫೈಬ್ರೋಸಿಸ್ ಎಂದು ಇದರ ಹೆಸರು. ಉಗಾಂಡಾದ ಕಂಪಾಲಾದಲ್ಲಿ ಜೆ.ಎನ್.ಪಿ. ಡೇವಿಸ್ 1948ರಲ್ಲಿ ವಿವರಿಸಿದ ರೋಗ. ಪ್ಯಾರಿಸ್ಸಿನ ಷಾರ್ಲ್ ದುಬೋಸ್ತ್ 1971ರಲ್ಲಿ ಆ ಪದರವನ್ನು ಸುಲಿದು ತೆಗೆಯುವ ಶಸ್ತ್ರಚಿಕಿತ್ಸೆ ಮಾಡಿ ತೋರಿಸಿದ್ದರು.

ತಿರುವನಂತಪುರದಲ್ಲಿ ಆ ಕತ್ತರಿ ಹಿಡಿದವರು ಎಂ.ಎಸ್. ವಲಿಯತ್ತಾನ್. ತಿರುವಾಂಕೂರಿನ ರಾಜಮನೆತನ 1973ರಲ್ಲಿ ಬಿಟ್ಟುಕೊಟ್ಟ ಕಟ್ಟಡದಲ್ಲಿ ಮೊಳೆತ ಶ್ರೀ ಚಿತ್ರಾ ತಿರುನಾಳ್ ಸಂಸ್ಥೆಯನ್ನು ಬೆಳೆಸಿದವರು ಅವರೇ. ಹೊರದೇಶದ ಕೃತಕ ಕವಾಟ ಕೊಳ್ಳಲಾಗದ ರೋಗಿಗಳಿಗಾಗಿ ಇಲ್ಲೇ ರೂಪಿಸಿದ ಚಿತ್ರಾ ಕವಾಟ 1990ರ ಡಿಸೆಂಬರ್‌ನಲ್ಲಿ ಮೊದಲ ರೋಗಿಯ ಎದೆ ಸೇರಿತು. ಕವಾಟದ ಕತೆ ಎಲ್ಲರಿಗೂ ಗೊತ್ತು. ಅದೇ ಮನುಷ್ಯ ಮರಳಿನ ಹಿಂದೆ ಬಿದ್ದ ಕತೆ ಅಷ್ಟು ಗೊತ್ತಿಲ್ಲ.

ರೋಗಿಗಳ ಹೃದಯದ ಚೂರುಗಳನ್ನು ಪರೀಕ್ಷೆಗೆ ಕಳಿಸಿದಾಗ ಒಂದು ವಿಚಿತ್ರ ಕಂಡಿತು: ಅವುಗಳಲ್ಲಿ ಸೀರಿಯಂ ಹೆಚ್ಚು, ಮೆಗ್ನೀಸಿಯಂ ಕಡಿಮೆ. ಸೀರಿಯಂ ಮೈಗೆ ಬೇಕಾದ ಲೋಹವೇ ಅಲ್ಲ; ಅದು ಅಲ್ಲಿ ಏಕೆ ಬಂತು? ಮೊನಜೈಟ್ ನೆಲದಲ್ಲಿ ಬೆಳೆದ ಗೆಡ್ಡೆಗಳ ಮೂಲಕ ಎಂಬುದು ವಲಿಯತ್ತಾನ್, ಸಿ.ಸಿ. ಕರ್ತಾ ಮತ್ತು ಭಾಭಾ ಅಣುಶಕ್ತಿ ಕೇಂದ್ರದ ಅವರ ಜೊತೆಗಾರರ ಊಹೆ. ಕೇರಳದ ಬಡವರ ಹೊಟ್ಟೆ ತುಂಬಿಸುತ್ತಿದ್ದದ್ದು ಮರಗೆಣಸು, ಅವರ ಮಾತಿನಲ್ಲಿ ಕಪ್ಪ. 1880ರ ದಶಕದಲ್ಲಿ ವಿಶಾಖಂ ತಿರುನಾಳ್ ಮಹಾರಾಜರು ಪ್ರೋತ್ಸಾಹ ಕೊಟ್ಟು ಬೆಳೆಸಿದ ಗೆಡ್ಡೆ ಅದು. ಅನ್ನವಿಲ್ಲದ ಮನೆಯ ಮಗು ಮೂರು ಹೊತ್ತೂ ಅದನ್ನೇ ತಿಂದರೆ ಮೆಗ್ನೀಸಿಯಂ ಕೊರತೆಯೂ ಆಗಬಹುದು, ಸೀರಿಯಂ ಒಳಗೂ ಸೇರಬಹುದು. 1989ರಲ್ಲಿ ಈ ವಾದ ‘ಕಾರ್ಡಿಯೋವ್ಯಾಸ್ಕ್ಯುಲರ್ ರಿಸರ್ಚ್’ ಪತ್ರಿಕೆಯಲ್ಲಿ ಅಚ್ಚಾಯಿತು. 1998ರಲ್ಲಿ ಮೊಲಗಳಿಗೆ ಮೆಗ್ನೀಸಿಯಂ ಕಡಿಮೆ ಇರುವ ಮೇವು ಹಾಕಿ, ಕುಡಿಯುವ ನೀರಿನಲ್ಲಿ ವಿರಳ ಲೋಹದ ಕ್ಲೋರೈಡ್ ಬೆರೆಸಿ ಕೊಟ್ಟಾಗ ಅವುಗಳ ಹೃದಯದಲ್ಲಿಯೂ ನಾರು ಬೆಳೆಯಿತು.

ಮರುವರ್ಷ ಶ್ರೀ ಚಿತ್ರಾ ಸಂಸ್ಥೆಯ ಪ್ರೀತಾ ಮತ್ತು ರೇಣುಕಾ ನಾಯರ್ ಒಂದು ಹೆಜ್ಜೆ ಒಳಕ್ಕೆ ಹೋದರು. ಹೃದಯದಲ್ಲಿ ನಾರು ನೇಯುವ ಫೈಬ್ರೊಬ್ಲಾಸ್ಟ್ ಜೀವಕೋಶಗಳನ್ನು ಗಾಜಿನ ತಟ್ಟೆಯಲ್ಲಿ ಬೆಳೆಸಿ, ಅತಿ ಕಡಿಮೆ ಪ್ರಮಾಣದ ಸೀರಿಯಂ ತಗುಲಿಸಿದರು. ಕೋಶಗಳು ಸಾಯಲಿಲ್ಲ; ಬದಲಿಗೆ ಹುರುಪಿನಿಂದ ಒಡೆದು ಒಡೆದು ಹೆಚ್ಚಿದವು. ಹಾಗೆ ಹೆಚ್ಚಿಸಿದ ನಡುವಣ ದಲ್ಲಾಳಿ ಸೂಪರ್‌ಆಕ್ಸೈಡ್, ಅಂದರೆ ಒಂದು ಎಲೆಕ್ಟ್ರಾನನ್ನು ಹೆಚ್ಚಿಗೆ ಅಂಟಿಸಿಕೊಂಡ ಆಮ್ಲಜನಕ.

ದಲ್ಲಾಳಿಯ ಪರಿಚಯ ಇಲ್ಲಿ ಮಾಡಿಕೊಳ್ಳಬೇಕು, ಏಕೆಂದರೆ ಅವನು ಸೀರಿಯಂ ಇಲ್ಲದಿದ್ದರೂ ಎಲ್ಲರ ಎದೆಯಲ್ಲೂ ಹಗಲಿರುಳು ಹುಟ್ಟುತ್ತಿರುತ್ತಾನೆ. ಹುಟ್ಟುವ ಮನೆ ಮೈಟೋಕಾಂಡ್ರಿಯ, ಜೀವಕೋಶದೊಳಗಿನ ಒಲೆ. ದಿನಕ್ಕೆ ಸುಮಾರು ಒಂದು ಲಕ್ಷ ಸಲ ಬಡಿಯುವ ಹೃದಯದ ಸ್ನಾಯುಕೋಶದಲ್ಲಿ ಮೂರರಲ್ಲೊಂದು ಪಾಲು ಜಾಗ ಇವುಗಳದ್ದೇ. ಬೇರಾವ ಅಂಗದ ಕೋಶದಲ್ಲೂ ಒಲೆಗೆ ಇಷ್ಟು ಜಾಗ ಬಿಟ್ಟಿರುವುದು ಅಪರೂಪ.

ಮನೆಗೆ ಮೋಲ್ಡಿಂಗ್ ಹಾಕುವ ದಿನವನ್ನು ನೆನೆಸಿಕೊಳ್ಳಿ. ಕೆಳಗೆ ಕಾಂಕ್ರೀಟ್ ಕಲಸುವ ಯಂತ್ರ, ಏಣಿಯ ಉದ್ದಕ್ಕೂ ಸಾಲಾಗಿ ನಿಂತ ಕೂಲಿಯಾಳುಗಳು, ಬಾಂಡ್ಲಿ ಕೈಯಿಂದ ಕೈಗೆ ಮೇಲಕ್ಕೇರುತ್ತದೆ. ತುದಿಯಲ್ಲಿ ನಿಂತ ಮೇಸ್ತ್ರಿ ಸುರಿದುಕೊಳ್ಳುತ್ತಾನೆ. ಮೈಟೋಕಾಂಡ್ರಿಯದ ಒಳಪೊರೆಯಲ್ಲಿ ನಡೆಯುವುದು ಇದೇ. ಅನ್ನದಿಂದ, ಎಣ್ಣೆಯಿಂದ ಬಿಡಿಸಿದ ಎಲೆಕ್ಟ್ರಾನು ಒಂದು ಪ್ರೋಟೀನ್ ಗುಂಪಿನಿಂದ ಇನ್ನೊಂದಕ್ಕೆ ಕೈ ಬದಲಾಯಿಸುತ್ತ ಸಾಗುತ್ತದೆ. ತುದಿಯಲ್ಲಿ ನಿಂತ ಆಮ್ಲಜನಕ ನಾಲ್ಕು ಎಲೆಕ್ಟ್ರಾನುಗಳನ್ನು ಒಟ್ಟಿಗೆ ತೆಗೆದುಕೊಂಡು ನೀರಾಗುತ್ತದೆ. ಈ ಸಾಗಾಟದ ಬಲದಲ್ಲಿ ಪ್ರೋಟಾನುಗಳು ಪೊರೆಯ ಆಚೆಗೆ ಎತ್ತಲ್ಪಡುತ್ತವೆ. ಲಿಂಗನಮಕ್ಕಿಯ ನೀರು ಶರಾವತಿಯ ಟರ್ಬೈನು ತಿರುಗಿಸುವಂತೆ ಅವು ವಾಪಸು ಇಳಿಯುವಾಗ ಪುಟ್ಟದೊಂದು ಚಕ್ರ ತಿರುಗಿ ಎಟಿಪಿ ಎಂಬ ಇಂಧನ ತಯಾರಾಗುತ್ತದೆ. ಇದನ್ನು ಮೊದಲು ಹೇಳಿದ ಪೀಟರ್ ಮಿಚೆಲ್‌ಗೆ 1978ರಲ್ಲಿ ನೊಬೆಲ್ ಬಂತು.

ಬಾಂಡ್ಲಿ ಏರುವಾಗ ಸ್ವಲ್ಪ ಚೆಲ್ಲದೆ ಇರುವುದುಂಟೆ? ಸಾಲಿನ ಮೊದಲನೆಯ ಮತ್ತು ಮೂರನೆಯ ಗುಂಪಿನ ಬಳಿ ಒಂದೊಂದು ಎಲೆಕ್ಟ್ರಾನು ಜಾರಿ, ಹತ್ತಿರ ಸುಳಿದಾಡುವ ಆಮ್ಲಜನಕಕ್ಕೆ ಅಂಟುತ್ತದೆ. ಅದೇ ಸೂಪರ್‌ಆಕ್ಸೈಡ್. ಗಮನಿಸಬೇಕಾದ ಮಾತು: ಚೆಲ್ಲುವುದು ಕೆಲಸ ಭರದಿಂದ ಸಾಗುವಾಗ ಅಲ್ಲ. ಮೇಲಿನವರು ಕೈ ಬಿಡುವಿಲ್ಲದೆ ನಿಂತುಬಿಟ್ಟಾಗ, ಕೆಳಗಿನವರು ತುಂಬಿದ ಬಾಂಡ್ಲಿ ಹಿಡಿದುಕೊಂಡೇ ಕಾಯಬೇಕಾದಾಗ. ಕಡಿಮೆ ಕೆಲಸ, ಹೆಚ್ಚು ಊಟ ಎಂಬ ಬದುಕಿಗೆ ವೈದ್ಯರು ಬೈಯುವುದರ ಹಿಂದೆ ಈ ರಸಾಯನವೂ ಇದೆ.

ಚೆಲ್ಲಿದ್ದನ್ನು ಗುಡಿಸುವವರೂ ಇದ್ದಾರೆ. ಮೈಟೋಕಾಂಡ್ರಿಯದ ಒಳಗಿರುವ ಮ್ಯಾಂಗನೀಸ್ ಹೊತ್ತ ಕಿಣ್ವವೊಂದು ಸೂಪರ್‌ಆಕ್ಸೈಡನ್ನು ಹೈಡ್ರೊಜನ್ ಪೆರಾಕ್ಸೈಡ್ ಮಾಡುತ್ತದೆ. ಮೊಣಕಾಲು ತರಚಿಕೊಂಡ ಹುಡುಗನ ಗಾಯಕ್ಕೆ ನರ್ಸು ಹಾಕಿದಾಗ ಬುಸ್ಸೆಂದು ನೊರೆಯುವ ಅದೇ ದ್ರವ. ಆ ನೊರೆ ಎಬ್ಬಿಸುವುದು ರಕ್ತದಲ್ಲಿರುವ ಕ್ಯಾಟಲೇಸ್ ಎಂಬ ಇನ್ನೊಂದು ಕಿಣ್ವ. ಪೆರಾಕ್ಸೈಡನ್ನು ಮುರಿದು ನೀರು ಮತ್ತು ಆಮ್ಲಜನಕ ಮಾಡುವುದು ಅದರ ಕೆಲಸ. ಮುರಿಯುವುದರೊಳಗೆ ಸಡಿಲ ಕಬ್ಬಿಣ ಎದುರಾದರೆ ಹೈಡ್ರಾಕ್ಸಿಲ್ ಎಂಬ ಮಹಾಕೋಪಿಷ್ಠ ಹುಟ್ಟುತ್ತಾನೆ. ಅವನ ಕೈಗೆ ಸಿಕ್ಕಿದ ಕೊಬ್ಬು, ಪ್ರೋಟೀನು, ಡಿಎನ್‌ಎ ಯಾವುದೂ ಉಳಿಯದು. ಮ್ಯಾಂಗನೀಸ್ ಕಿಣ್ವದ ಬೆಲೆ ಎಷ್ಟೆಂಬುದನ್ನು 1995ರಲ್ಲಿ ಅಮೆರಿಕದಲ್ಲಿ ಇಲಿಮರಿಗಳ ಮೇಲೆ ನೋಡಿದರು. ಅದನ್ನು ತಯಾರಿಸುವ ಜೀನು ತೆಗೆದುಹಾಕಿದ ಮರಿಗಳು ಹುಟ್ಟಿ ಹತ್ತು ದಿನಗಳ ಆಸುಪಾಸಿನಲ್ಲಿ ಸತ್ತವು. ಮೊದಲು ಸೋತದ್ದು ಅವುಗಳ ಹೃದಯ, ಉಬ್ಬಿ ಸಡಿಲವಾಗಿ.

ಇನ್ನು ಹೃದಯಾಘಾತ. ರಕ್ತನಾಳ ಕಟ್ಟಿಕೊಂಡಾಗ ಆಮ್ಲಜನಕ ಸಿಗದೆ ಸ್ನಾಯು ಸಾಯುತ್ತದೆ; ಕಟ್ಟನ್ನು ಬಿಡಿಸಿದರೆ ಬದುಕುತ್ತದೆ. ಇಷ್ಟು ಎಲ್ಲರಿಗೂ ಗೊತ್ತಿರುವ ಸಂಗತಿ. ಹಾಗೆ ಬಿಡಿಸಿದ ಗಳಿಗೆಯಲ್ಲೇ ಇನ್ನೊಂದು ಪೆಟ್ಟು ಬೀಳುತ್ತದೆಂಬುದು ಅಷ್ಟು ಗೊತ್ತಿಲ್ಲ. ಕೇಂಬ್ರಿಜ್‌ನ ಮೈಕಲ್ ಮರ್ಫಿ ಮತ್ತು ಸಂಗಡಿಗರು 2014ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಅದರ ಬಗೆಯನ್ನು ಬಿಡಿಸಿಟ್ಟರು. ಉಸಿರುಗಟ್ಟಿದ ಸ್ನಾಯುವಿನಲ್ಲಿ ಸಕ್ಸಿನೇಟ್ ಎಂಬ ಪದಾರ್ಥ ರಾಶಿ ಬೀಳುತ್ತಾ ಹೋಗುತ್ತದೆ. ಆಮ್ಲಜನಕ ವಾಪಸು ಬಂದ ಕೂಡಲೇ ಆ ರಾಶಿಯೆಲ್ಲ ಒಮ್ಮೆಗೇ ಉರಿಯುತ್ತದೆ. ಏಣಿಯ ನಡುವೆ ಬಾಂಡ್ಲಿಗಳ ನೂಕುನುಗ್ಗಲು. ಮೇಲೇರಬೇಕಾದ ಎಲೆಕ್ಟ್ರಾನುಗಳು ಹಿಮ್ಮುಖವಾಗಿ ಕೆಳಗಿನ ಮೊದಲ ಗುಂಪಿಗೇ ನುಗ್ಗುತ್ತವೆ. ಕೆಲವೇ ನಿಮಿಷಗಳಲ್ಲಿ ಸೂಪರ್‌ಆಕ್ಸೈಡಿನ ಮಳೆ. ಜೊತೆಗೆ ಕ್ಯಾಲ್ಸಿಯಂ ತುಂಬಿಕೊಂಡು ಮೈಟೋಕಾಂಡ್ರಿಯದ ಪೊರೆಯಲ್ಲಿ ದೊಡ್ಡ ರಂಧ್ರ ತೆರೆದುಕೊಳ್ಳುತ್ತದೆ. ಅಲ್ಲಿಗೆ ಆ ಕೋಶದ ಕತೆ ಮುಗಿಯಿತು. ಕೊನೆಗೆ ಸಾಯುವ ಸ್ನಾಯುವಿನಲ್ಲಿ ಅರ್ಧದವರೆಗೂ ಈ ಎರಡನೆಯ ಪೆಟ್ಟಿನದ್ದೇ ಇರಬಹುದೆಂದು ಪ್ರಾಣಿಗಳ ಪ್ರಯೋಗಗಳು ಹೇಳುತ್ತವೆ.

ಹಾಗಾದರೆ ರಂಧ್ರ ಮುಚ್ಚುವ ಔಷಧ ಕೊಟ್ಟರಾಯಿತಲ್ಲ? ಕೊಟ್ಟು ನೋಡಿದರು. ಸೈಕ್ಲೋಸ್ಪೋರಿನ್‌ಗೆ ಆ ಗುಣವಿದೆ. 2008ರಲ್ಲಿ ಫ್ರಾನ್ಸಿನಲ್ಲಿ 58 ರೋಗಿಗಳ ಮೇಲೆ ನಡೆದ ಪರೀಕ್ಷೆ ಭರವಸೆ ಹುಟ್ಟಿಸಿತು. 2015ರಲ್ಲಿ 970 ರೋಗಿಗಳ ದೊಡ್ಡ ಪರೀಕ್ಷೆಯ ಫಲಿತಾಂಶ ಬಂತು: ಉಪಯೋಗ ಶೂನ್ಯ. ಚಿಕ್ಕ ಪರೀಕ್ಷೆಯ ಸಂತೋಷವನ್ನು ದೊಡ್ಡ ಪರೀಕ್ಷೆ ಕಿತ್ತುಕೊಳ್ಳುವುದು ಈ ಕ್ಷೇತ್ರದಲ್ಲಿ ಎಷ್ಟು ಸಲ ಆಗಿದೆಯೆಂದರೆ, ಪತ್ರಿಕೆಯ ‘ಹೃದ್ರೋಗಕ್ಕೆ ಹೊಸ ಮದ್ದು’ ಎಂಬ ತಲೆಬರಹ ಓದುವಾಗ ಮೊದಲು ರೋಗಿಗಳ ಸಂಖ್ಯೆ ಎಷ್ಟೆಂದು ಹುಡುಕುವುದು ಜಾಣತನ.

ಮದ್ದೇ ಎಲೆಕ್ಟ್ರಾನು ಚೆಲ್ಲಿಸುವ ಬಗೆ ನೋಡಲು ಮತ್ತೆ ಕಳಮಶ್ಶೇರಿಗೆ. ಅಲ್ಲಿಯ ಸರ್ಕಾರಿ ವೈದ್ಯಕೀಯ ಕಾಲೇಜಿನ ಆವರಣದಲ್ಲೇ ಕೊಚ್ಚಿನ್ ಕ್ಯಾನ್ಸರ್ ಸಂಶೋಧನಾ ಕೇಂದ್ರ ಇದೆ. ಎಲ್ಲ ಕ್ಯಾನ್ಸರ್ ಆಸ್ಪತ್ರೆಗಳಲ್ಲೂ ಬಳಕೆಯಲ್ಲಿರುವ ಡಾಕ್ಸೊರುಬಿಸಿನ್ ನೋಡಲು ಕೋಕಂ ಪಾನಕದಂತೆ ಕೆಂಪು. ಸ್ತನ ಕ್ಯಾನ್ಸರಿಗೆ, ರಕ್ತದ ಕ್ಯಾನ್ಸರಿಗೆ ಒಳ್ಳೆಯ ಮದ್ದು. ಇಟಲಿಯ ಮಣ್ಣಿನ ಸೂಕ್ಷ್ಮಜೀವಿಯಿಂದ ಬಂದದ್ದು. ಏಡ್ರಿಯಾಟಿಕ್ ಕಡಲಿನ ನೆನಪಿಗೆ ಏಡ್ರಿಯಾಮೈಸಿನ್ ಎಂದೂ ಕರೆಯುತ್ತಾರೆ. ಈ ಮದ್ದು ಹೃದಯದ ಮೈಟೋಕಾಂಡ್ರಿಯಕ್ಕೆ ಹೋಗಿ ಕೂರುತ್ತದೆ. ಮೊದಲ ಗುಂಪಿನಿಂದ ಎಲೆಕ್ಟ್ರಾನು ಕಿತ್ತು ಆಮ್ಲಜನಕಕ್ಕೆ ದಾಟಿಸುತ್ತದೆ, ಮತ್ತೆ ಬಂದು ಕಿತ್ತುಕೊಳ್ಳುತ್ತದೆ. ಅದರಿಂದಾಗುವ ಹಾನಿಗೆ ಇದೊಂದೇ ಕಾರಣವಲ್ಲ, ಆದರೆ ಇದೂ ಒಂದು. ಹಾಗಾಗಿ ರೋಗಿಯ ಫೈಲಿನಲ್ಲಿ ಡಾಕ್ಟರು ಪ್ರತಿ ಸಲ ಕೊಟ್ಟ ಮಿಲಿಗ್ರಾಂ ಅನ್ನು ಹಿಂದಿನದಕ್ಕೆ ಕೂಡಿಸಿ ಬರೆಯುತ್ತಾ ಹೋಗುತ್ತಾರೆ, ಕಿರಾಣಿ ಅಂಗಡಿಯ ಸಾಲದ ಪುಸ್ತಕದಂತೆ. ಮೈಯ ಹರವಿನ ಒಂದು ಚದರ ಮೀಟರಿಗೆ ಒಟ್ಟು 400 ಮಿಲಿಗ್ರಾಂ ಆಗುವ ಹೊತ್ತಿಗೆ ನೂರರಲ್ಲಿ ಐದು ಜನರ ಹೃದಯ ಸೋಲುತ್ತದೆ. 550 ಆಗುವ ಹೊತ್ತಿಗೆ ಇಪ್ಪತ್ತಾರು ಜನರದ್ದು. 2003ರಲ್ಲಿ ಅಚ್ಚಾದ ಲೆಕ್ಕ ಇದು. ಅದಕ್ಕೇ ನಡುನಡುವೆ ಎಕೋ ಪರೀಕ್ಷೆ. ಕಬ್ಬಿಣವನ್ನು ಹಿಡಿದಿಡುವ ಡೆಕ್ಸ್‌ರಝೋಕ್ಸೇನ್ ಕೊಟ್ಟರೆ ಹಾನಿ ಕಡಿಮೆಯಾಗುತ್ತದೆ.

ಮುಪ್ಪಿನ ವಿಷಯಕ್ಕೆ ಬಂದರೆ ಕತೆ ಅಡ್ಡಾದಿಡ್ಡಿ ಓಡುತ್ತದೆ. ಷೆಲ್ ತೈಲ ಕಂಪನಿಯಲ್ಲಿ ರಸಾಯನಶಾಸ್ತ್ರಜ್ಞನಾಗಿದ್ದು ಆಮೇಲೆ ವೈದ್ಯಕೀಯ ಓದಿದ ಡೆನ್ಹಮ್ ಹಾರ್ಮನ್ 1956ರಲ್ಲಿ ಒಂದು ಸಿದ್ಧಾಂತ ಮಂಡಿಸಿದ: ಮುಪ್ಪೆಂದರೆ ಸೂಪರ್‌ಆಕ್ಸೈಡ್, ಹೈಡ್ರಾಕ್ಸಿಲ್‌ನಂಥ ಮುಕ್ತ ರ‍್ಯಾಡಿಕಲ್‌ಗಳು ಒಳಗಿಂದ ಹಿಡಿಸುವ ತುಕ್ಕು. 1972ರಲ್ಲಿ ಅದರ ಗಡಿಯಾರ ಮೈಟೋಕಾಂಡ್ರಿಯವೇ ಎಂದ. ಮರುವರ್ಷ ಬೋವೆರಿಸ್ ಮತ್ತು ಬ್ರಿಟನ್ ಚಾನ್ಸ್ ನಾವು ಸೇದುವ ಆಮ್ಲಜನಕದಲ್ಲಿ ನೂರಕ್ಕೆ ಒಂದೆರಡು ಪಾಲು ಹೀಗೆ ಚೆಲ್ಲಿಹೋಗಬಹುದೆಂಬ ಅಳತೆ ಕೊಟ್ಟರು. ಆ ಅಳತೆ ತೆಗೆದದ್ದು ಬೇರ್ಪಡಿಸಿದ ಮೈಟೋಕಾಂಡ್ರಿಯಗಳಿಗೆ ಮೇವು ಸುರಿದು. ಬದುಕಿರುವ ಮೈಯಲ್ಲಿ ಸೋರಿಕೆ ಅದಕ್ಕಿಂತ ಬಹಳ ಕಡಿಮೆ. ಆದರೂ ‘ನೂರಕ್ಕೆ ಎರಡು’ ಎಂಬುದು ಪಠ್ಯಪುಸ್ತಕದಿಂದ ಪಠ್ಯಪುಸ್ತಕಕ್ಕೆ ನಕಲಾಗುತ್ತಲೇ ಇದೆ.

ಸಿದ್ಧಾಂತದ ಪರವಾಗಿ ಸಾಕ್ಷಿಗಳಿಲ್ಲದೆ ಇಲ್ಲ. ಪಾರಿವಾಳವೂ ಇಲಿಯೂ ತೂಕದಲ್ಲಿ ಹೆಚ್ಚುಕಡಿಮೆ ಒಂದೇ. ಇಲಿ ನಾಲ್ಕು ವರ್ಷ ಬದುಕಿದರೆ ಪಾರಿವಾಳ ಮೂವತ್ತೈದರವರೆಗೆ ಬದುಕೀತು. ಪಾರಿವಾಳದ ಮೈಟೋಕಾಂಡ್ರಿಯ ಚೆಲ್ಲುವ ಪೆರಾಕ್ಸೈಡ್ ಕಡಿಮೆ. 2005ರಲ್ಲಿ ಅಮೆರಿಕದಲ್ಲಿ ಇಲಿಗಳ ಮೈಟೋಕಾಂಡ್ರಿಯದೊಳಕ್ಕೇ ಕ್ಯಾಟಲೇಸ್ ಸೇರುವಂತೆ ಮಾಡಿದಾಗ ಅವು ಸುಮಾರು ಐದು ತಿಂಗಳು ಹೆಚ್ಚು ಬದುಕಿದವು, ಹೃದಯಕ್ಕೆ ಮುಪ್ಪೂ ತಡವಾಗಿ ಬಂತು. ಕ್ಯಾಟಲೇಸನ್ನು ಕೋಶದ ಬೇರೆ ಮೂಲೆಗೆ ಕಳಿಸಿದಾಗ ಅಷ್ಟು ಲಾಭವಾಗಲಿಲ್ಲ. ಜಾಗ ಮುಖ್ಯ.

ಇತ್ತ ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದಲ್ಲಿ ಸೀಗ್‌ಫ್ರೀಡ್ ಹೆಕಿಮಿ ತಂಡ ಒಂದು ಮಿಲಿಮೀಟರಿನ ಹುಳುವಿನಲ್ಲಿ ಮೈಟೋಕಾಂಡ್ರಿಯದ ಗುಡಿಸುವ ಕಿಣ್ವವನ್ನು ತೆಗೆದುಹಾಕಿತು. ಹುಳು ಬೇಗ ಸಾಯಬೇಕಿತ್ತು. ಬದಲಿಗೆ ಹೆಚ್ಚು ಕಾಲ ಬದುಕಿತು! 2012ರಲ್ಲಿ ಆ ಬಗೆಯ ಐದೂ ಕಿಣ್ವಗಳನ್ನು ತೆಗೆದರೂ ಆಯುಸ್ಸು ಕುಗ್ಗಲಿಲ್ಲ. ಸೋರಿದ ಚೂರುಪಾರು ಪೆರಾಕ್ಸೈಡ್ ಕೋಶಕ್ಕೆ ಸುದ್ದಿ ಮುಟ್ಟಿಸುತ್ತದೆ, ಎಚ್ಚರಾಗು, ಬಾಗಿಲು ಭದ್ರ ಮಾಡು ಎಂದು. ಸುದ್ದಿ ಹೊತ್ತು ಬಂದವನನ್ನೇ ಹೊಡೆದು ಓಡಿಸಿದರೆ ಮನೆಯವರು ಮಲಗಿಯೇ ಇರುತ್ತಾರೆ. 2009ರಲ್ಲಿ ಜರ್ಮನಿಯಲ್ಲಿ ಯುವಕರಿಗೆ ನಾಲ್ಕು ವಾರ ವ್ಯಾಯಾಮ ಮಾಡಿಸಿದರು. ಕೆಲವರಿಗೆ ಜೊತೆಯಲ್ಲಿ ಸಿ ಮತ್ತು ಇ ವಿಟಮಿನ್ ಮಾತ್ರೆ. ಮಾತ್ರೆ ನುಂಗದವರಲ್ಲಿ ಇನ್ಸುಲಿನ್ ಚೆನ್ನಾಗಿ ಕೆಲಸ ಮಾಡತೊಡಗಿತು. ನುಂಗಿದವರ ಬೆವರು ಆ ಮಟ್ಟಿಗೆ ವ್ಯರ್ಥವಾಯಿತು.

ಮೆಡಿಕಲ್ ಶಾಪಿನ ಗಾಜಿನ ಕಪಾಟಿನಲ್ಲಿ ಆಂಟಿಆಕ್ಸಿಡೆಂಟ್ ಎಂದು ಬರೆದ ಡಬ್ಬಿಗಳ ಸಾಲು ಇಂದಿಗೂ ಚಿಕ್ಕದಾಗಿಲ್ಲ. ಫಿನ್‌ಲೆಂಡಿನಲ್ಲಿ 29,133 ಧೂಮಪಾನಿಗಳ ಮೇಲೆ ನಡೆದ ಪರೀಕ್ಷೆಯ ಫಲಿತಾಂಶ 1994ರಲ್ಲೇ ಬಂದಿತ್ತು: ಬೀಟಾ ಕ್ಯಾರೋಟಿನ್ ನುಂಗಿದವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ನೂರಕ್ಕೆ ಹದಿನೆಂಟು ಪಾಲು ಹೆಚ್ಚು. 2000ದಲ್ಲಿ 9,541 ಜನರ ‘ಹೋಪ್’ ಪರೀಕ್ಷೆ ಮುಗಿಯಿತು. ಇ ವಿಟಮಿನ್‌ನಿಂದ ಹೃದಯಕ್ಕೆ ಏನೂ ಪ್ರಯೋಜನವಾಗಲಿಲ್ಲ. ಅದೇ ಪರೀಕ್ಷೆಯನ್ನು ಮುಂದುವರಿಸಿದಾಗ, 2005ರ ವರದಿಯಂತೆ, ಇ ವಿಟಮಿನ್ ನುಂಗಿದವರಲ್ಲಿ ಹೃದಯದ ಸೋಲು ಹೆಚ್ಚೇ ಇತ್ತು. ನುಂಗಿದ ಮಾತ್ರೆ ಮೈಯೆಲ್ಲ ಹರಡುತ್ತದೆ. ಚೆಲ್ಲುವ ಜಾಗಕ್ಕೆ, ಚೆಲ್ಲುವ ಆ ಐದು ನಿಮಿಷಕ್ಕೆ ಸರಿಯಾಗಿ ಹೋಗಿ ನಿಲ್ಲುವ ವಿವೇಕ ಅದಕ್ಕೆ ಎಲ್ಲಿಂದ ಬರಬೇಕು? ಕೊರತೆ ಇದ್ದವರಿಗೆ ವೈದ್ಯರು ಬರೆದುಕೊಡುವ ವಿಟಮಿನ್ನಿನ ಮಾತು ಬೇರೆ. ‘ಹೃದಯಕ್ಕೆ ಒಳ್ಳೇದಂತೆ’ ಎಂದು ತಿಂಗಳು ತಿಂಗಳು ಕೊಳ್ಳುವುದು ದಂಡ.

ಪ್ರಮಾಣದ ಮಾತು ಬಂದಾಗ ಚವರ ತೀರವನ್ನು ಇನ್ನೊಮ್ಮೆ ನೋಡಬಹುದು. ಆ ಮರಳಿನ ಥೋರಿಯಂ ವಿಕಿರಣ ಸೂಸುತ್ತದೆ. ವಿಕಿರಣ ಮೈಯ ನೀರನ್ನು ಒಡೆದು ಹುಟ್ಟಿಸುವುದೂ ಅದೇ ಹೈಡ್ರಾಕ್ಸಿಲನ್ನು; ಕ್ಷಕಿರಣದ ಹಾನಿಯೂ ಆಮ್ಲಜನಕದ ಹಾನಿಯೂ ಒಂದೇ ಜಾತಿಯವು ಎಂದು ಅರ್ಜೆಂಟೀನಾದ ರೆಬೆಕಾ ಗೆರ್ಷ್‌ಮನ್ 1954ರಲ್ಲಿ ಹೇಳಿದ್ದರು. ಆ ತೀರವಿರುವ ಕರುನಾಗಪ್ಪಳ್ಳಿ ತಾಲ್ಲೂಕಿನ 69,958 ಜನರನ್ನು ಹತ್ತು ವರ್ಷಕ್ಕೂ ಮೇಲೆ ಹಿಂಬಾಲಿಸಿದ ಅಧ್ಯಯನ 2009ರಲ್ಲಿ ಹೊರಬಂತು. ಆ ಮರಳ ಮೇಲೆ ಬದುಕಿದ್ದರಿಂದ ಕ್ಯಾನ್ಸರ್ ಹೆಚ್ಚಿದ ಕುರುಹು ಅದರಲ್ಲಿ ಕಾಣಲಿಲ್ಲ.

ಹಾಗಿದ್ದರೆ ಮರಗೆಣಸಿನ ಸೀರಿಯಂ ಮಕ್ಕಳ ಹೃದಯ ಕೆಡಿಸಿತು ಎಂಬ ವಾದ ಗೆದ್ದಿತೇ? ಗೆಲ್ಲಲೂ ಇಲ್ಲ, ಸೋಲಲೂ ಇಲ್ಲ. ಅದನ್ನು ಪರೀಕ್ಷಿಸಿ ಮುಗಿಸುವ ಮೊದಲೇ ರೋಗವೇ ಕೇರಳ ಬಿಟ್ಟು ಹೊರಟಿತು. 2012ರಲ್ಲಿ ‘ಇಂಡಿಯನ್ ಜರ್ನಲ್ ಆಫ್ ಮೆಡಿಕಲ್ ರಿಸರ್ಚ್’ ಅದನ್ನು ‘ಮರೆಯಾಗುತ್ತಿರುವ ರೋಗ’ ಎಂದೇ ಕರೆಯಿತು. ಮರಳು ಅಲ್ಲೇ ಇದೆ, ಕಪ್ಪ ಈಗಲೂ ಮೀನಿನ ಸಾರಿನ ಜೊತೆ ತಟ್ಟೆಗೆ ಬರುತ್ತದೆ. ಬದಲಾದದ್ದು ತಟ್ಟೆಯಲ್ಲಿ ಕಪ್ಪದ ಜೊತೆ ಇನ್ನೇನಿದೆ ಎಂಬುದು: ಅನ್ನ, ಮೊಟ್ಟೆ, ಬೇಳೆ, ಹಾಲು. ಜಂತುಹುಳು, ಸೋಂಕುಗಳ ಕಾಟವೂ ಕಡಿಮೆಯಾಯಿತು. ಸೀರಿಯಂ ಒಂದೇ ಅಪರಾಧಿ ಆಗಿದ್ದರೆ ರೋಗ ಹೀಗೆ ಹೋಗುತ್ತಿರಲಿಲ್ಲ. ಹಸಿವಿನ ಜೊತೆ ಕೂಡಿದಾಗ ಮಾತ್ರ ಅದು ಕಿಡಿ ಹೊತ್ತಿಸುತ್ತಿತ್ತು ಎನ್ನುವುದಾದರೆ ಲೆಕ್ಕ ಕೂಡುತ್ತದೆ. ಮೊಜಾಂಬಿಕ್‌ನ ಬಡ ಕರಾವಳಿಯಲ್ಲಿ ರೋಗ ಉಳಿದೇ ಇತ್ತು; 2008ರ ವರದಿಯಂತೆ, ಅಲ್ಲಿಯ ಇನ್ಹರಿಮೆಯಲ್ಲಿ 1,063 ಜನರಿಗೆ ಎಕೋ ಮಾಡಿದಾಗ ಹೆಚ್ಚುಕಡಿಮೆ ಐವರಲ್ಲೊಬ್ಬರಿಗೆ ಈ ರೋಗ ಸಿಕ್ಕಿತು.

ಈ ನಡುವೆ ಸೀರಿಯಂನ ಹಣೆಬರಹವೂ ತಿರುಗಿತು. ಒಂದು ಎಲೆಕ್ಟ್ರಾನನ್ನು ಸಲೀಸಾಗಿ ಕೊಟ್ಟು ತೆಗೆದುಕೊಳ್ಳುವ ಅದರ ಚಾಳಿಯಿಂದಾಗಿ ಸೀರಿಯಂ ಆಕ್ಸೈಡಿನ ನ್ಯಾನೊ ಕಣಗಳು ಪ್ರಯೋಗಾಲಯದಲ್ಲಿ ಸೂಪರ್‌ಆಕ್ಸೈಡನ್ನು ಗುಡಿಸುವ ಕಿಣ್ವದಂತೆಯೇ ವರ್ತಿಸುತ್ತವೆ. ಕಳ್ಳನೆಂದು ಹಿಡಿದವನೇ ಪೊಲೀಸು ಆದ ಹಾಗೆ. ಯಾವ ರೂಪದಲ್ಲಿ, ಎಷ್ಟು, ಎಲ್ಲಿ ಎಂಬುದರ ಮೇಲೆ ಎಲ್ಲವೂ ನಿಂತಿದೆ. ಮ್ಯಾಂಟಲಿನ ಒಂದು ಪಾಲಿನ ಲೆಕ್ಕದಂತೆ.

ವಲಿಯತ್ತಾನ್ 1993ರಲ್ಲಿ ಮಣಿಪಾಲಕ್ಕೆ ಬಂದರು, ಅಲ್ಲಿಯ ವಿಶ್ವವಿದ್ಯಾಲಯದ ಮೊದಲ ಕುಲಪತಿಯಾಗಿ. ಕತ್ತರಿ ಬದಿಗಿಟ್ಟು ಚರಕ, ಸುಶ್ರುತ, ವಾಗ್ಭಟರನ್ನು ಓದಿ ಮೂರು ದೊಡ್ಡ ಪುಸ್ತಕ ಬರೆದರು. ಆಯುರ್ವೇದದ ಔಷಧಗಳನ್ನು ಹೊಗಳದೆ, ತೆಗಳದೆ, ಪ್ರಯೋಗಾಲಯದ ಮೇಜಿನ ಮೇಲಿಟ್ಟು ನೋಡಬೇಕೆಂಬುದು ಅವರ ಹಟ. ಅದೇ ಜಾಡಿನಲ್ಲಿ ತಿರುವನಂತಪುರದ ರಾಜೀವ್ ಗಾಂಧಿ ಜೈವಿಕ ತಂತ್ರಜ್ಞಾನ ಕೇಂದ್ರದಲ್ಲಿ ಅವರ ಹಳೆಯ ಜೊತೆಗಾರ ಕರ್ತಾ ಅವರ ತಂಡ ನೆಲ್ಲಿಕಾಯಿಯ ಆಮಲಕಿ ರಸಾಯನವನ್ನು ಇಲಿಗಳಿಗೆ ಬಹುಕಾಲ ತಿನ್ನಿಸಿತು. 2017ರಲ್ಲಿ ‘ಸೈಂಟಿಫಿಕ್ ರಿಪೋರ್ಟ್ಸ್’ನಲ್ಲಿ ಅಚ್ಚಾದ ಫಲಿತಾಂಶ: ದಪ್ಪಗಟ್ಟಿದ ಹೃದಯದ ಇಲಿಗಳಲ್ಲಿ ಮೈಟೋಕಾಂಡ್ರಿಯದ ಕೆಲಸವೂ ಹೃದಯದ ಬಡಿತದ ಕಸುವೂ ಸುಧಾರಿಸಿದವು. ಇದನ್ನು ಓದಿ ಬೆಟ್ಟದ ನೆಲ್ಲಿಕಾಯಿ ಮೂಟೆಗಟ್ಟಲೆ ತರಿಸುವವರು ಅವು ಇಲಿಗಳು ಎಂಬುದನ್ನು ಮರೆಯಬಾರದು. ಉಪ್ಪಿನಕಾಯಿಗೆ, ತಂಬುಳಿಗೆ ತರುವುದಾದರೆ ಅಡ್ಡಿಯಿಲ್ಲ. ವಲಿಯತ್ತಾನ್ 2024ರ ಜುಲೈ 17ರಂದು ಮಣಿಪಾಲದಲ್ಲೇ ತೀರಿಕೊಂಡರು, ತೊಂಬತ್ತರ ವಯಸ್ಸಿನಲ್ಲಿ.

ಮತ್ತೆ ಹೃದಯಾಘಾತಕ್ಕೆ ಬಂದರೆ, ಮಾತ್ರೆಯಿಂದ ಆಗದ್ದು ಗಡಿಯಾರದಿಂದ ಆಗುತ್ತದೆ. ನಾಳ ಕಟ್ಟಿ ಕೂತ ಒಂದೊಂದು ನಿಮಿಷಕ್ಕೂ ಸಾಯುವ ಸ್ನಾಯುವಿನ ಪಾಲು ಏರುತ್ತದೆ. ಬೇಗ ಬಿಡಿಸಿದಷ್ಟೂ ಉಳಿಯುವುದು ಹೆಚ್ಚು. ಎದೆ ಹಿಂಡಿದಂತಾಗಿ, ಬೆವರು ಬಿಟ್ಟು, ನೋವು ಎಡಗೈಗೋ ದವಡೆಗೋ ಹರಿದರೆ ಗ್ಯಾಸ್ಟ್ರಿಕ್ ಎಂದು ಸೋಡಾ ಕುಡಿದು ಬೆಳಗಾಗಲಿ ಎಂದು ಕಾಯಬೇಡಿ. 108ಕ್ಕೆ ಕರೆ ಮಾಡಿ, ಹತ್ತಿರದ ಆಸ್ಪತ್ರೆಯಲ್ಲಿ ಇಸಿಜಿ ತೆಗೆಸಿ. 2023ರಲ್ಲಿ ಶುರುವಾದ ಡಾ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಲ್ಲಿ, ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಚುಚ್ಚುಮದ್ದನ್ನು ಕರ್ನಾಟಕದ ತಾಲ್ಲೂಕು ಆಸ್ಪತ್ರೆಗಳಲ್ಲಿ ರೋಗಿಯಿಂದ ದುಡ್ಡು ತೆಗೆದುಕೊಳ್ಳದೆ ಕೊಡುತ್ತಾರೆ.